ಹೊರಗಿನ ಬೀಗ

ಜೀಪು ಕಂಡರೆ ಮೊದಲು ಜನರೇಟರ್ ಆರಿಸಬೇಕು. ಆಮೇಲೆ ಲಾರಿಯ ಪಕ್ಕೆಗೆ ಮೂರು ಸಲ ತಟ್ಟಬೇಕು. ಒಳಗಿನಿಂದ ಮೌನಿಕಾ ಕತ್ತರಿಯಲ್ಲಿ ಒಂದು ಸಲ ತಟ್ಟಿ ಕೇಳಿಸಿತು ಎನ್ನಬೇಕು. ಆಮೇಲೆ ಎಲ್ಲರೂ ಸುಮ್ಮನೆ.

ಕೆಂಪಕ್ಕನಿಗೆ ಆವತ್ತು ಹಚ್ಚಿದ್ದ ಕೆಲಸ ಇದು. ಅದಕ್ಕೇ ಅವಳು ರಾಯದುರ್ಗದಿಂದ ಬಳ್ಳಾರಿಗೆ ಹೋಗುವ ರಸ್ತೆಯ ಬದಿ, ಜಂಬಯ್ಯನ ಚಹಾ ಅಂಗಡಿಯ ಪಕ್ಕದ ಬೇವಿನ ಮರದ ಕೆಳಗೆ, ಹೊಲಿದ ಜೀನ್ಸ್ ಪ್ಯಾಂಟುಗಳ ಗಂಟು ಬಿಚ್ಚಿಕೊಂಡು ದಾರದ ತುದಿ ಕತ್ತರಿಸುತ್ತ ಕೂತಿದ್ದಳು. ಕತ್ತರಿ ತನ್ನ ಪಾಡಿಗೆ ತಾನು ಆಡುತ್ತಿತ್ತು, ಕಣ್ಣು ರಸ್ತೆ ಬಿಟ್ಟು ಕದಲುತ್ತಿರಲಿಲ್ಲ. ರಸ್ತೆಯ ಆಚೆ, ಜಾಲಿ ಬೆಳೆದ ಖಾಲಿ ಜಾಗದಲ್ಲಿ ಆ ಉದ್ದನೆ ಲಾರಿ ನಿಂತಿತ್ತು. ಅದರ ಬೆನ್ನ ಮೇಲೆ ಕಬ್ಬಿಣದ ಕಂಟೇನರ್. ಕಂಟೇನರಿನೊಳಗೆ ಎಂಟು ಹೊಲಿಗೆ ಮಿಷನ್ನು, ಎಂಟು ಮಂದಿ ಹೆಂಗಸರು. ಅವರಲ್ಲಿ ಒಬ್ಬಳು ಕೆಂಪಕ್ಕನ ಮಗಳು ಮೌನಿಕಾ. ಬಾಗಿಲಿಗೆ ಹೊರಗಿನಿಂದ ಬೀಗ.

ಬೀಗದ ಕೈ ಮೇಸ್ತ್ರಿ ರಾಮಾಂಜಿನೇಯನ ಜೇಬಿನಲ್ಲಿತ್ತು. ಮೇಸ್ತ್ರಿ ಬಳ್ಳಾರಿಯಲ್ಲಿದ್ದ.

ಲಾರಿ ಒಂದು ಕಾಲಕ್ಕೆ ಓಬಳಾಪುರದ ಗಣಿಗಳಿಗೆ ದೊಡ್ಡ ದೊಡ್ಡ ಯಂತ್ರ ಹೊತ್ತು ತರುತ್ತಿತ್ತಂತೆ. ಗಣಿ ನಿಂತವು, ಲಾರಿಯೂ ನಿಂತಿತು. ಸಾವ್ಕಾರ್ ಸಣ್ಣಬಸಪ್ಪ ಅದನ್ನು ಕೊಂಡು ಮೇಲೊಂದು ಹಳೇ ಕಂಟೇನರ್ ಇಳಿಸಿದ. ಊರಿನ ತುಂಬ ಜೀನ್ಸ್ ಹೊಲಿಯುವ ಕಾಲ ಅದು. ಶೆಡ್ಡು ಕಟ್ಟಬೇಕೆಂದರೆ ಪುರಸಭೆ, ಮೀಟರು ಬೇಕೆಂದರೆ ಕರೆಂಟಿನವರು, ಆಳು ಇಟ್ಟರೆ ಲೇಬರ್ ಆಫೀಸಿನವರು. "ಚಕ್ರ ಇರೋ ಕಟ್ಟಡಕ್ಕ ಯಾರು ಲೈಸೆನ್ಸ್ ಕೇಳ್ತಾರ?" ಅಂತ ಸಣ್ಣಬಸಪ್ಪ ಜಂಬಯ್ಯನ ಬೆಂಚಿನ ಮೇಲೆ ಕೂತು ನಕ್ಕಿದ್ದ. ಅವನು ಹೇಳಿದ್ದೇ ಸರಿಯಾಯಿತು, ಯಾರೂ ಕೇಳಲಿಲ್ಲ. ಪಕ್ಕದ ಗೋಡೌನಿನಿಂದ ಕದ್ದು ಎಳೆದ ವೈರಿನ ಮೇಲೆ ಮಿಷನ್ನು ಓಡಿದವು. ಆ ವರ್ಷ ಪವರ್ ಹಾಲಿಡೇ ಎಂದು ಸರ್ಕಾರ ವಾರದಲ್ಲಿ ಮೂರು ದಿನ ಕಾರ್ಖಾನೆಗಳ ಕರೆಂಟು ಕಿತ್ತುಕೊಂಡಿತು. ಕದಿಯುವುದಕ್ಕೂ ಕರೆಂಟು ಇಲ್ಲವಾದಾಗ, ಮದುವೆ ಚಪ್ಪರಕ್ಕೆ ಬಾಡಿಗೆ ಹೋಗುತ್ತಿದ್ದ ಒಂದು ಪೆಟ್ರೋಲ್ ಜನರೇಟರ್ ತಂದು ಲಾರಿಯ ಪಕ್ಕ ಇಟ್ಟರು. ಹೆಂಗಸೊಬ್ಬಳು ಹಿಡಿಕೆ ಹಿಡಿದು ಎಳೆದೊಯ್ಯುವಷ್ಟು ಚಿಕ್ಕದು. ಸದ್ದು ಮಾತ್ರ ಊರಿಗೆ ಕೇಳುವಷ್ಟು.

ಆ ಸದ್ದೇ ತೊಂದರೆಯಾಯಿತು. ಅನಂತಪುರದಿಂದ ಲೇಬರ್ ಆಫೀಸರ್ ಬರುತ್ತಾರೆ ಎಂದು ಯಾರೋ ಹೇಳಿದರು. ಯಾವಾಗ ಎಂದು ಹೇಳಲಿಲ್ಲ. ಮೇಸ್ತ್ರಿ ಆವತ್ತು ಬೆಳಿಗ್ಗೆ ಜನರೇಟರನ್ನು ಎಳೆದು ಲಾರಿಯ ಹೊಟ್ಟೆಯ ಕೆಳಕ್ಕೆ ತಳ್ಳಿದ. ಸುತ್ತಲೂ ಟಾರ್ಪಾಲು ಇಳಿಬಿಟ್ಟ. ಸದ್ದು ಅರ್ಧ ಆಯಿತು. ವೈರು ಕಂಟೇನರಿನ ತಳದಲ್ಲಿ ಕೊರೆದಿದ್ದ ತೂತಿನಿಂದ ನೇರ ಮೇಲಕ್ಕೆ ಹೋಯಿತು. "ನಿಂತ ಲಾರಿ ಹಂಗ ಕಾಣ್ಬೇಕು" ಅಂದ. ಬಾಗಿಲು ಮುಚ್ಚಿ ಕಬ್ಬಿಣದ ಅಗುಳಿ ಹಾಕಿ, ಅಗುಳಿಗೆ ಬೀಗ ಜಡಿದ.

ಕಂಟೇನರಿಗೆ ಕಿಟಕಿ ಇರಲಿಲ್ಲ. ಪಕ್ಕೆಗಳಲ್ಲಿ ಗ್ಯಾಸ್ ಕಟರಿನಿಂದ ಕೊರೆಸಿದ್ದ ಕೆಲವು ಕಿಂಡಿಗಳಿದ್ದವು, ಮುಂದಿನ ಗೋಡೆಯಲ್ಲಿ ಒಳಗಿನ ಸೆಕೆಯನ್ನು ಹೊರಕ್ಕೆ ಎಳೆದು ಹಾಕುವ ಒಂದು ಫ್ಯಾನ್. ಕಿಂಡಿಗಳನ್ನು ಮುಚ್ಚಿದವಳು ಕೆಂಪಕ್ಕ.

ಅವಳು ಮಡಕಶಿರದ ಕಡೆಯವಳು. ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದವರು. ಗೂಡಿನ ಕೆಲಸ ಕೈಬಿಟ್ಟ ಮೇಲೆ ತಾಯಿ, ಮಗಳು ಬಸ್ಸು ಹತ್ತಿ ಈ ಕಡೆ ಬಂದಿದ್ದರು. ಹುಳದ ಮನೆ ಕಂಡವರಿಗೆ ಗೊತ್ತು, ಊಜಿ ನೊಣ ಒಂದು ಒಳಗೆ ಬಂದರೆ ಹುಳದ ಮೈ ಮೇಲೆ ಮೊಟ್ಟೆ ಇಡುತ್ತದೆ, ಆ ಬೆಳೆ ಹೋಯಿತೆಂದೇ ಲೆಕ್ಕ. ಅದಕ್ಕೇ ಅಲ್ಲಿನ ಹೆಂಗಸರು ಮನೆಯ ಒಂದೊಂದು ಸಂದಿಗೂ ಬಟ್ಟೆ ತುರುಕುತ್ತಾರೆ. ಲಾರಿಯ ಮೈಯಲ್ಲಿ ಗಣಿಯ ಕೆಂಪು ಧೂಳು ಇನ್ನೂ ಉಳಿದಿತ್ತು. ಗಾಳಿ ಎದ್ದಾಗಲೆಲ್ಲ ಅದು ಕಿಂಡಿಯಿಂದ ಒಳಗೆ ಸುರಿದು ತಿಳಿ ಬಣ್ಣದ ಪ್ಯಾಂಟುಗಳನ್ನು ಹಾಳು ಮಾಡುತ್ತಿತ್ತು. ಸಾವ್ಕಾರ್ ಬೈದ. ಹಿಂದಿನ ದಿನ ಸಂಜೆ ಕೆಂಪಕ್ಕ ಜೀನ್ಸ್ ಚಿಂದಿಯನ್ನು ಸುರುಳಿ ಸುತ್ತಿ, ನೀರಲ್ಲಿ ಅದ್ದಿ, ಒಂದು ಕಿಂಡಿಯನ್ನೂ ಬಿಡದೆ ತುರುಕಿದ್ದಳು. ಬೆಳಕು ಕೂಡ ಇಣುಕದ ಹಾಗೆ.

"ಏನವ್ವ, ಹುಳಕ್ಕ ಇಷ್ಟು ಸೇವಾ ಮಾಡ್ತೀರಿ ನೀವು ಮಡಕಶಿರದವ್ರು, ಗಂಡಗ ಎಷ್ಟು ಮಾಡ್ತೀರೊ" ಅಂದಿದ್ದಳು ಜಿಪ್ ಹಚ್ಚುವ ಅನ್ನದಾನಮ್ಮ. ಊರಿನವಳೇ, ಬಾಯಿ ಜೋರು.

"ಗಂಡ ಗೂಡು ಕಟ್ಟಲ್ಲ ಕಣಮ್ಮ" ಅಂದಿದ್ದಳು ಕೆಂಪಕ್ಕ.

ಉಳಿದವರೆಲ್ಲ ನಕ್ಕಿದ್ದರು. ಮೌನಿಕಾ ಮಾತ್ರ ತಾಯಿಯ ಕಡೆ ನೋಡಿ ನಾಚಿದ್ದಳು.

ಆವತ್ತು ಬೆಳಗಿನ ಚಹಾಕ್ಕೆ ಮೇಸ್ತ್ರಿ ಬಾಗಿಲನ್ನು ಒಂದು ಮೊಳ ತೆರೆದಿದ್ದ. ಮೌನಿಕಾ ತಲೆ ಹೊರಗೆ ಹಾಕಿದಳು. ಮುಖ ಕೆಂಪಗೆ, ಜ್ವರ ಬಂದವರ ಹಾಗೆ.

"ಅವ್ವಾ, ತಲೆ ಸಿಡೀತೈತೆ."

"ಒಟ್ಟೆಗೇನಾರ ತಿಂದ್ಯಾ?"

"ಪೆಟ್ರೋಲ್ ವಾಸ್ನೆ ಬತ್ತೈತೆ ಒಳಗೆ."

"ತುಂಬಾವಾಗ ಚೆಲ್ಲೈತಿ, ಆರ್ತೈತಿ ಬಿಡು" ಅಂದ ಮೇಸ್ತ್ರಿ. ಜೇಬಿನಿಂದ ತಲೆನೋವಿನ ಗುಳಿಗೆ ತೆಗೆದು ಕೊಟ್ಟ. ಅವನ ಜೇಬಿನಲ್ಲಿ ಆ ಗುಳಿಗೆ ಯಾವಾಗಲೂ ಇರುತ್ತಿದ್ದವು. ಹೊಲಿಯುವವರ ತಲೆನೋವಿಗೆ ಅವನ ಬಳಿ ಇದ್ದ ಔಷಧ ಅದೊಂದೇ. ಕೆಂಪಕ್ಕ ತನ್ನ ಪಾಲಿನ ಬನ್ನನ್ನು ಮಗಳ ಕೈಗಿಟ್ಟು, "ತಿನ್ನು, ಸರಿ ಓಗ್ತದೆ" ಅಂದಳು. ಅಗುಳಿ ಬಿತ್ತು. ಬೀಗ ಬಿತ್ತು. ಕತ್ತರಿಸಿದ ಬಟ್ಟೆ ತರಬೇಕೆಂದು ಮೇಸ್ತ್ರಿ ಬೈಕು ಹತ್ತಿ ಬಳ್ಳಾರಿಗೆ ಹೋದ.

ಹೊರಡುವಾಗ ಬೆರಳು ತೋರಿಸಿ ಹೇಳಿದ್ದ: "ಜೀಪು ಬಂದ್ರ ಬಾಯಿ ಬಿಡಬ್ಯಾಡ ನೋಡಕ್ಕ. ಮಿಷನ್ ಸೀಜ್ ಮಾಡ್ತಾರ, ಲಾರಿ ಎತ್ತಿಕೊಂಡು ಹೋಗ್ತಾರ. ನಾಳಿಂದ ನೀನೂ ಇಲ್ಲ, ನಿನ್ನ ಮಗಳೂ ಇಲ್ಲ."

ಕೆಂಪಕ್ಕನ ಭಯವೆಲ್ಲ ರಸ್ತೆಯ ಮೇಲಿತ್ತು. ಕಡ್ಲೆಕಾಯಿ ಮೂಟೆ ಹೊತ್ತ ಟ್ರಾಕ್ಟರ್ ಬಂದರೆ ಎದೆ ಹಾರುತ್ತಿತ್ತು, ಆಟೋ ಬಂದರೆ ಹಾರುತ್ತಿತ್ತು. ಲಾರಿಯ ಕಡೆ ನೋಡುವುದೇ ಬೇಕಿರಲಿಲ್ಲ. ಟಾರ್ಪಾಲಿನ ಹಿಂದೆ ಜನರೇಟರ್ ಗುರ್ ಎನ್ನುತ್ತಿತ್ತು. ಅದು ಓಡುತ್ತಿದ್ದರೆ ಮಿಷನ್ನು ಓಡುತ್ತಿವೆ, ಮಿಷನ್ನು ಓಡುತ್ತಿದ್ದರೆ ಮೌನಿಕಾ ಹೊಲಿಯುತ್ತಿದ್ದಾಳೆ. ಹಾಗಂದುಕೊಂಡಿದ್ದಳು.

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಜೀಪು ಬಂತು.

ಬಳ್ಳಾರಿ ಕಡೆಯಿಂದಲ್ಲ, ಊರ ಕಡೆಯಿಂದ. ಬಿಳಿ ಜೀಪು, ಮುಂದೆ ತೆಲುಗಿನಲ್ಲಿ ಸರ್ಕಾರದ ಬೋರ್ಡು. ಕೆಂಪಕ್ಕನಿಗೆ ತೆಲುಗು ಮಾತು ಬರುತ್ತಿತ್ತು, ಓದು ಬರುತ್ತಿರಲಿಲ್ಲ. ಪ್ಯಾಂಟು, ಕತ್ತರಿ ಅಲ್ಲೇ ಬಿಟ್ಟು ರಸ್ತೆ ದಾಟಿದಳು. ಓಡಿದರೆ ಅನುಮಾನ ಬರುತ್ತದೆಂದು ನಡೆದಳು. ನಡೆದರೆ ತಡವಾಗುತ್ತದೆಂದು ಓಡಿದಳು. ಟಾರ್ಪಾಲು ಎತ್ತಿ ಕೆಳಗೆ ನುಸುಳಿದಾಗ ಬಿಸಿ ಹೊಗೆ ಮುಖಕ್ಕೆ ಬಡಿಯಿತು. ಕೆಮ್ಮುತ್ತ ಕೆಂಪು ಗುಂಡಿ ಒತ್ತಿದಳು. ಜನರೇಟರ್ ಒಂದೆರಡು ಸಲ ಬಿಕ್ಕಿ ನಿಂತಿತು.

ಲಾರಿಯ ಪಕ್ಕೆಗೆ ಮೂರು ಸಲ ತಟ್ಟಿದಳು.

ಒಳಗಿನಿಂದ ಉತ್ತರ ಬರಲಿಲ್ಲ.

ಜೀಪು ಮುಂದಕ್ಕೆ ಹೋಗುತ್ತದೆಂದು ಕಾದಳು. ಹೋಗಲಿಲ್ಲ. ಜಂಬಯ್ಯನ ಅಂಗಡಿಯ ಮುಂದೆ ನಿಂತಿತು. ಇಬ್ಬರು ಇಳಿದರು. ಕನ್ನಡಕ ಹಾಕಿದ ಒಬ್ಬ ಬೆಂಚಿನ ಮೇಲೆ ಕೂತು ಬೆವರು ಒರೆಸಿಕೊಂಡ, ಇನ್ನೊಬ್ಬ ಡ್ರೈವರು. ಕೆಂಪಕ್ಕ ಲಾರಿಯ ಚಕ್ರದ ಹಿಂದೆ ಕುಕ್ಕರುಗಾಲಲ್ಲಿ ಕೂತಳು. ಕನ್ನಡಕದವನು ಈ ಕಡೆಗೇ ನೋಡುತ್ತಿದ್ದ. ಅಥವಾ ಅವಳಿಗೆ ಹಾಗೆ ಕಂಡಿತು.

ಮತ್ತೆ ಮೂರು ಸಲ ತಟ್ಟಿದಳು, ಈ ಸಲ ಉಗುರಿನಿಂದ, ಮೆತ್ತಗೆ.

ಇಲ್ಲ.

ಎಂಥ ಹುಡುಗಿಯರು, ಉಸಿರು ಬಿಡಬೇಡಿ ಅಂದರೆ ನಿಜಕ್ಕೂ ಬಿಡುವುದಿಲ್ಲ ಅಂದುಕೊಂಡಳು. ಭಯಕ್ಕೆ ಮುದುರಿ ಕೂತಿದ್ದಾರೆ. ಮೌನಿಕಾಳ ಕೈಯಲ್ಲಿದ್ದ ಕತ್ತರಿ ಬಿದ್ದಿರಬೇಕು. ಹೀಗೆ ತನಗೆ ತಾನೇ ಹೇಳಿಕೊಂಡಳು. ಹೇಳಿಕೊಳ್ಳುತ್ತಲೇ ಲಾರಿಯ ಪಕ್ಕೆಗೆ ಕಿವಿ ಒತ್ತಿದಳು. ಎಂಟು ಮಂದಿ ಹೆಂಗಸರು ಎಷ್ಟು ಸುಮ್ಮನೆ ಕೂತರೂ ಬಳೆ ಸದ್ದು ಮಾಡುತ್ತದೆ. ಒಬ್ಬಳು ಸೀನುತ್ತಾಳೆ. ಅನ್ನದಾನಮ್ಮನ ಬಾಯಂತೂ ಸಾಯೋವರೆಗೆ ಸುಮ್ಮನಿರುವ ಬಾಯಲ್ಲ.

ಆ ಮಾತು ತಲೆಯೊಳಗೆ ಬಂದ ಕೂಡಲೇ ಕೆಂಪಕ್ಕ ಚಕ್ರದ ಹಿಂದಿನಿಂದ ಎದ್ದಳು.

ಟಾರ್ಪಾಲಿನ ಒಳಗೆ ಮತ್ತೆ ನುಸುಳಿ ತಲೆ ಎತ್ತಿ ನೋಡಿದಳು. ವೈರು ಮೇಲೆ ಹೋದ ತೂತು ಅವಳ ಮುಖದ ಮೇಲೇ ಇತ್ತು. ವೈರು ಬೆರಳು ಗಾತ್ರ, ತೂತು ಅಂಗೈ ಗಾತ್ರ. ತೂತಿನ ಅಂಚು ಮಸಿ ಹಿಡಿದು ಕಪ್ಪಾಗಿತ್ತು. ಜನರೇಟರಿನ ಹೊಗೆ ಕೊಳವೆ ಅದರ ಕೆಳಗೇ. ಎಲ್ಲ ಕಿಂಡಿಯನ್ನೂ ಮುಚ್ಚಿದ್ದಳು, ಇದೊಂದನ್ನು ಮುಚ್ಚಿರಲಿಲ್ಲ, ವೈರು ಇತ್ತಲ್ಲ. ಮುಂದಿನ ಫ್ಯಾನು ಒಳಗಿನ ಗಾಳಿಯನ್ನು ಹೊರಕ್ಕೆ ಎಳೆಯುತ್ತಿತ್ತು. ಒಳಕ್ಕೆ ಬರುವುದಕ್ಕೆ ಉಳಿದಿದ್ದ ದಾರಿ ಇದೊಂದೇ.

ಹುಳದ ಮನೆ ಕಣ್ಣ ಮುಂದೆ ಬಂತು. ಮಾಗಿಯ ಚಳಿಗೆ ಕೆಂಡದ ಬಾಂಡ್ಲಿ ಒಳಗಿಡುತ್ತಿದ್ದರು. ಆಗ ಅತ್ತೆ ಒಂದು ಕಿಂಡಿಯ ಬಟ್ಟೆ ತಾನೇ ಕಿತ್ತು ಹಾಕುತ್ತಿದ್ದಳು. ಹೊಸ ಸೊಸೆ ಕೆಂಪಕ್ಕ ಒಂದು ಸಲ ಚಳಿ ಎಂದು ಅದನ್ನೂ ತುರುಕಿದ್ದಳು. ಬೆಳಿಗ್ಗೆ ಬಾಗಿಲು ತೆಗೆದರೆ ತಟ್ಟೆ ತಟ್ಟೆಯಲ್ಲೂ ಹುಳ ತಲೆ ಎತ್ತಿಕೊಂಡು ಹಾಗೇ ಸೆಟೆದು ಸತ್ತಿದ್ದವು. ಸೊಪ್ಪು ತಿಂದಿರಲಿಲ್ಲ. ಸದ್ದೂ ಇರಲಿಲ್ಲ. ಹುಳ ಸೊಪ್ಪು ಮೇಯುವಾಗ ಮಳೆ ಹನಿದ ಹಾಗೆ ಸದ್ದು ಬರುತ್ತದೆ. ಆ ಸದ್ದಿಲ್ಲದ ಮನೆಯ ಹೊಸ್ತಿಲಲ್ಲಿ ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಊಜಿಗೆ ಮುಚ್ಚಬೇಕು, ಬೆಂಕಿಗೆ ತೆರೆಯಬೇಕು. ಎರಡೂ ಕೆಂಪಕ್ಕನಿಗೆ ಗೊತ್ತಿತ್ತು. ಆದರೆ ಬೆಂಕಿ ಹೊರಗೆ ತಾನೇ ಇತ್ತು, ಲಾರಿಯ ಕೆಳಗೆ.

ಎದ್ದು ಕೈಗೆಟಕಿದ ಕಿಂಡಿಗಳ ಚಿಂದಿಯನ್ನೆಲ್ಲ ಕಿತ್ತಳು. ಒಂದಕ್ಕೆ ಬಾಯಿಟ್ಟು, "ಮೌನೀ" ಅಂದಳು. ಒಳಗೆ ಕತ್ತಲೆ. ಬಿಸಿಯಾದ, ಸುಟ್ಟ ವಾಸನೆಯ ಗಾಳಿ ಮುಖಕ್ಕೆ ಬಂತು. ಆ ಕತ್ತಲೆಯಲ್ಲಿ ಯಾರೋ ಗೊರಕೆ ಹೊಡೆಯುತ್ತಿದ್ದರು. ಮಧ್ಯಾಹ್ನ, ಮಿಷನ್ನಿನ ಮೇಲೆ, ಗೊರಕೆ. ಅದಕ್ಕಿಂತ ಭಯವಾದ ಸದ್ದನ್ನು ಕೆಂಪಕ್ಕ ತನ್ನ ಜೀವಮಾನದಲ್ಲಿ ಕೇಳಿರಲಿಲ್ಲ.

ರಸ್ತೆಯ ಆಚೆ ಕನ್ನಡಕದವನು ಚಹಾ ಊದಿ ಕುಡಿಯುತ್ತಿದ್ದ.

ಕೂಗಿದರೆ ಲಾರಿ ಹೋಗುತ್ತದೆ. ಮಿಷನ್ನು ಹೋಗುತ್ತವೆ. ಎಂಟು ಮನೆಯ ಒಲೆ ಹೋಗುತ್ತದೆ. ಈ ಊರಲ್ಲಿ ಮತ್ತೊಬ್ಬ ಸಾವ್ಕಾರ್ ಈ ತಾಯಿ ಮಗಳನ್ನು ಒಳಗೆ ಬಿಡುವುದಿಲ್ಲ, ಸಾವ್ಕಾರ್ರೆಲ್ಲ ಒಂದೇ ಬೆಂಚಿನಲ್ಲಿ ಚಹಾ ಕುಡಿಯುವವರು. ಬಾಯಿ ತೆರೆದಳು. ಸದ್ದು ಬರಲಿಲ್ಲ. ದುಡಿಯುವವರ ಬಾಯಿಗೆ ಹಾಕುವ ಬೀಗದ ಕೈ ಯಾರ ಜೇಬಿನಲ್ಲೂ ಇರುವುದಿಲ್ಲ, ಅವರೇ ಅದನ್ನು ಒಳಗಿನಿಂದ ಹಿಡಿದುಕೊಂಡಿರುತ್ತಾರೆ.

ಒಳಗಿನ ಗೊರಕೆ ನಿಂತಿತು.

ಕೆಂಪಕ್ಕ ರಸ್ತೆಯ ನಡುವೆ ನಿಂತು ಕೂಗಿದಳು. ಏನು ಕೂಗಿದಳು ಎಂದು ಅವಳಿಗೆ ಆಮೇಲೂ ನೆನಪಾಗಲಿಲ್ಲ. ಜಂಬಯ್ಯ ಹೇಳುವ ಪ್ರಕಾರ ಕನ್ನಡವೂ ಅಲ್ಲ ತೆಲುಗೂ ಅಲ್ಲ. ಕನ್ನಡಕದವನ ಕೈಯ ಗ್ಲಾಸು ಓರೆಯಾಗಿ ಚಹಾ ಅಂಗಿಯ ಮೇಲೆ ಚೆಲ್ಲಿತು.

"ಏನಾತಬೇ ಮುದುಕಿ?" ಅಂದ ಜಂಬಯ್ಯ.

"ಲಾರೀಲಿ ಮಂದಿ ಅವ್ರೆ. ಬೀಗ ಆಕವ್ರೆ. ನನ್ನ ಮಗಳವ್ಳೆ."

"ಯಾವ ಲಾರ್ಯಾಗ? ಅದು ನಿಂತ ಲಾರಿ" ಅಂದ ಕನ್ನಡಕದವನು.

"ಸಾಯ್ತಾವ್ರೆ ಸ್ವಾಮಿ, ಎಂಟು ಮಂದಿ."

ಜೀಪಿನ ಡ್ರೈವರು ಸೀಟಿನ ಕೆಳಗಿನಿಂದ ಜಾಕಿ ರಾಡು ಎಳೆದುಕೊಂಡು ಓಡಿದ. ಬೀಗ ಗಟ್ಟಿ ಇತ್ತು. ರಾಡು ಜಾರಿತು, ಅವನ ಅಂಗೈ ಹರಿಯಿತು. ಜಂಬಯ್ಯ ಒಲೆಗೆ ಕಟ್ಟಿಗೆ ಸೀಳುವ ಕೊಡಲಿ ತಂದ. ಕನ್ನಡಕದವನು ಹಿಂದೆ ನಿಂತು, "ಪೊಲೀಸರಿಗೆ ಫೋನ್ ಮಾಡಿ ತೆಗೆಯೋಣ, ನಮಗ್ಯಾಕ, ನಾಳೆ ನಮ್ಮ ಮೇಲೆ ಬರ್ತೈತಿ" ಅನ್ನುತ್ತಿದ್ದ. ಅನ್ನುತ್ತಲೇ ಅವನೂ ಅಗುಳಿ ಹಿಡಿದು ಜಗ್ಗಿದ. ಕೊಂಡಿ ಕಿತ್ತು ಬಂತು.

ಬಾಗಿಲು ತೆರೆದಾಗ ಬೆಳಕು ಬಿದ್ದದ್ದು ಮೊದಲು ಅನ್ನದಾನಮ್ಮನ ಮೇಲೆ. ಬಾಗಿಲಿನವರೆಗೆ ತೆವಳಿಕೊಂಡು ಬಂದಿದ್ದಳು. ಬಾಗಿಲಿನ ಕಡೆಗೆ ಚಾಚಿದ ಅವಳ ಕೈ ಹಾಗೇ ಇತ್ತು. ಎಷ್ಟು ಹೊತ್ತು ಬಡಿದಿದ್ದಳೋ, ಜನರೇಟರ್ ಸದ್ದಿನಲ್ಲಿ ಯಾರಿಗೆ ಕೇಳಬೇಕು. ಉಳಿದವರು ಮಿಷನ್ನುಗಳ ಮೇಲೆ ತಲೆಯಿಟ್ಟು, ಬಟ್ಟೆ ರಾಶಿಯ ಮೇಲೆ ಒರಗಿ, ನಿದ್ದೆ ಹೋದವರ ಹಾಗೆ. ಮೌನಿಕಾ ಕೊನೆಯ ಮಿಷನ್ನಿನಲ್ಲಿ, ವೈರಿನ ತೂತಿನ ಪಕ್ಕ. ಸೂಜಿಯ ಕೆಳಗೆ ಅರ್ಧ ಹೊಲಿದ ಜೇಬು. ಕತ್ತರಿ ಕಾಲಬುಡದಲ್ಲಿ.

ಕೆಂಪಕ್ಕ ಅವಳ ಕಂಕುಳಿಗೆ ಕೈ ಹಾಕಿ ಎಳೆದಳು. ಹುಡುಗಿ ಬಟ್ಟೆ ಮೂಟೆಯ ಹಾಗೆ ಭಾರ. ಕೆನ್ನೆ ಕೆಂಪಗಿತ್ತು, ಜಾತ್ರೆಗೆ ಹೊರಟವಳ ಹಾಗೆ ಚೆಂದ ಕಾಣುತ್ತಿದ್ದಳು. ಅದೇ ಭಯ ಹುಟ್ಟಿಸಿತು. ಬಿಸಿಲಿಗೆ ತಂದು ಮಲಗಿಸಿ, ಎದೆಗೆ ಕಿವಿಯಿಟ್ಟಳು. ತನ್ನ ಎದೆಯ ಸದ್ದೇ ಕೇಳುತ್ತಿತ್ತು. ಕೆನ್ನೆಗೆ ಹೊಡೆದಳು. ಮತ್ತೆ ಹೊಡೆದಳು.

"ಹೊಡೀಬ್ಯಾಡಕ್ಕ, ಗಾಳಿ ಬಿಡು, ಸುತ್ತ ನಿಂತ್ಕಬ್ಯಾಡ್ರಿ" ಅಂದ ಡ್ರೈವರು. ಅವನ ಅಂಗೈಯ ರಕ್ತ ಮೌನಿಕಾಳ ರವಿಕೆಗೆ ಹತ್ತಿತ್ತು.

ಆಮೇಲೆ ಮೌನಿಕಾ ಒಂದು ಸಲ ಮೇಲುಸಿರು ಎಳೆದಳು, ಬಾವಿಯಿಂದ ಎತ್ತಿದವರ ಹಾಗೆ. ಪಕ್ಕಕ್ಕೆ ಹೊರಳಿ ಬೆಳಗಿನ ಬನ್ನನ್ನು ವಾಂತಿ ಮಾಡಿಕೊಂಡಳು. ಕಣ್ಣು ತೆರೆದು ತಾಯಿಯನ್ನು ನೋಡಿದಳು, ಗುರುತು ಹಿಡಿಯಲಿಲ್ಲ. ಕೆಂಪಕ್ಕ ತನ್ನ ಹೆಸರು ಹೇಳಿದಳು, ಊರ ಹೆಸರು ಹೇಳಿದಳು, ಅವರ ಮನೆಯ ಕರೀ ಎಮ್ಮೆಯ ಹೆಸರು ಹೇಳಿದಳು. ಎಮ್ಮೆಯ ಹೆಸರಿಗೆ ಹುಡುಗಿಯ ತುಟಿ ಅಲುಗಿತು.

ಜೀಪು ಎರಡು ಸಲ ಆಸ್ಪತ್ರೆಗೆ ಹೋಗಿ ಬಂತು. ಅದು ಲೇಬರ್ ಆಫೀಸಿನ ಜೀಪಲ್ಲ, ಭೈರವಾನಿತಿಪ್ಪ ಕಾಲುವೆಯವರದು. ಕನ್ನಡಕದವನು ಕಾಲುವೆಯ ಎಂಜಿನಿಯರು, ಬಿಸಿಲಿಗೆ ಬೇಸತ್ತು ಚಹಾಕ್ಕೆ ಇಳಿದಿದ್ದ. ಲೇಬರ್ ಆಫೀಸರ್ ಆವತ್ತೂ ಬರಲಿಲ್ಲ, ಆಮೇಲೂ ಬರಲಿಲ್ಲ.

ಎಂಟು ಮಂದಿಯೂ ಬದುಕಿದರು. ಸಣ್ಣಬಸಪ್ಪ ಸಂಜೆ ಆಸ್ಪತ್ರೆಗೆ ಬಂದ, ಕಿತ್ತಳೆ ಹಣ್ಣು ತಂದಿದ್ದ. ಒಂದೊಂದೇ ಮಂಚಕ್ಕೆ ಇಟ್ಟುಕೊಂಡು ಬಂದು ನಡುವೆ ನಿಂತು ಮೆಲ್ಲಗೆ ಕೇಳಿದ: "ಎಲ್ಲಾ ಕಿಂಡಿ ಮುಚ್ಚಿದ್ದು ಯಾರು?"

ಕೆಂಪಕ್ಕ ಮಗಳ ಮಂಚದ ಕಾಲು ಹಿಡಿದು ನೆಲದ ಮೇಲೆ ಕೂತಿದ್ದಳು. ಅವಳಿಗೆ ಎದ್ದು ನಿಂತು ನಾನೇ ಅನ್ನಬೇಕೆನಿಸಿತು. ಮಂಚದ ಮೇಲಿನ ಕಣ್ಣುಗಳೆಲ್ಲ ಅವಳನ್ನು ಹುಡುಕುತ್ತಿದ್ದವು. ಎಂಟು ಮಂದಿಯಲ್ಲಿ ಎಲ್ಲರಿಗಿಂತ ಚಿಕ್ಕವಳಾದ ಶ್ರಾವಣಿಯ ತಾಯಿ ತಿರುಗಿ ದಿಟ್ಟಿಸಿಯೇ ನೋಡಿದಳು.

"ನಾನು ಪೊಲೀಸರಿಗೆ ಏನ್ ಹೇಳ್ಲಿ?" ಅಂದ ಸಣ್ಣಬಸಪ್ಪ. "ನಾ ಕೊರೆಸಿದ ಕಿಂಡಿ. ಗಾಳಿಗಂತ್ಲೇ ಕೊರೆಸಿದ್ದು. ಮುಚ್ಚಿದೋರು ಯಾರು?"

ಕೊನೆಯ ಮಂಚದಿಂದ ಅನ್ನದಾನಮ್ಮನ ದನಿ ಬಂತು. ಮೂಗಿಗೆ ನಳಿಕೆ ಹಾಕಿದ್ದರು. ದನಿ ಸೋತಿತ್ತು, ಮಾತು ಸೋತಿರಲಿಲ್ಲ.

"ಬೀಗ ಹಾಕಿದ್ದು ಯಾರ್ರಿ, ಸಾವ್ಕಾರ್ರ?"

ಸಣ್ಣಬಸಪ್ಪ ಕೈಯಲ್ಲಿ ಉಳಿದಿದ್ದ ಹಣ್ಣನ್ನು ಅವಳ ಮಂಚದ ಮೇಲೆ ಇಡಲಿಲ್ಲ. ಜೇಬಿಗೆ ಹಾಕಿಕೊಂಡು ಹೋದ.

ಕೇಸು ಏನಾಯಿತು ಎಂದು ಯಾರೂ ಹೇಳಲಿಲ್ಲ. ಅನ್ನದಾನಮ್ಮನ ಕೈಗೆ ನಡುಕ ಬಂದು ಜಿಪ್ಪು ಸೊಟ್ಟ ಹೋಗತೊಡಗಿತು. ಅವಳ ಜಾಗಕ್ಕೆ ಬೇರೊಬ್ಬಳು ಬಂದಳು. ಉಳಿದವರು ಒಂದು ವಾರ ಮನೆಯಲ್ಲಿ ಕೂತು, ಒಲೆ ನೋಡಿ, ಅಕ್ಕಿ ಡಬ್ಬ ನೋಡಿ, ಮತ್ತೆ ಅದೇ ಲಾರಿಗೆ ಬಂದರು. ಅಷ್ಟಾದ ಮೇಲೂ ಯಾಕೆ ಹೋದರು ಎಂದು ಕೇಳುವವರು ಕೇಳಬಹುದು. ಕೇಳುವವರ ಮನೆಯಲ್ಲಿ ಅಕ್ಕಿ ಇರುತ್ತದೆ.

ಜನರೇಟರನ್ನು ಜಾಲಿ ಗಿಡದ ಆಚೆ ದೂರ ಇಟ್ಟಿದ್ದರು. ಕಿಂಡಿಗಳು ತೆರೆದಿದ್ದವು. ಕೆಂಪು ಧೂಳು ಒಳಗೆ ಬೀಳುತ್ತಿತ್ತು, ಯಾರೂ ಬೈಯಲಿಲ್ಲ. ಎಂಟು ಮಂದಿ ಹತ್ತಿದರು. ಮೌನಿಕಾ ಮೆಟ್ಟಿಲ ಮೇಲೆ ಒಂದು ಗಳಿಗೆ ನಿಂತು, ತಾಯಿಯ ಕಡೆ ತಿರುಗದೆ ಒಳಗೆ ಹೋದಳು. ಮೇಸ್ತ್ರಿ ರಾಮಾಂಜಿನೇಯ ಹೊಸ ಬೀಗ ತಂದಿದ್ದ.

ಬಾಗಿಲು ಎಳೆಯಲು ಕೈ ಹಾಕಿದರೆ ಹೊಸ್ತಿಲ ಮೇಲೆ ಕೆಂಪಕ್ಕ ಕೂತಿದ್ದಳು. ಕಾಲು ಹೊರಗೆ ಇಳಿಬಿಟ್ಟು, ಪ್ಯಾಂಟಿನ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ದಾರ ಕತ್ತರಿಸುತ್ತ.

"ಏಳಕ್ಕ. ನಿನ್ನ ಜಾಗ ಆ ಮರದ ಕೆಳಗ."

"ಬಿಸ್ಲು ಕಣಪ್ಪ ಅಲ್ಲಿ."

"ಬಾಗಿಲು ಮುಚ್ಚಬೇಕು. ಕಾಲು ಸಿಕ್ಕತೈತಿ ನೋಡು."

"ಸಿಗ್ಲಿ."

ಅವನು ಬಾಗಿಲನ್ನು ಸ್ವಲ್ಪ ದೂಡಿದ. ಕಬ್ಬಿಣದ ಅಂಚು ಅವಳ ಮೊಣಕಾಲಿಗೆ ಒತ್ತಿತು. ಅವಳ ಮುಖ ಬಿಳಿಚಿತು, ಹೆದರಿಕೆ ಎಲ್ಲರಿಗೂ ಕಾಣುವಷ್ಟು. ಕಾಲು ಮಾತ್ರ ಒಳಗೆ ತೆಗೆದುಕೊಳ್ಳಲಿಲ್ಲ. ಒಳಗಿನಿಂದ ಶ್ರಾವಣಿ ಎದ್ದು ಬಂದು ಅವಳ ಪಕ್ಕದಲ್ಲಿ ಕಾಲು ಇಳಿಬಿಟ್ಟು ಕೂತಳು. ಮೇಸ್ತ್ರಿ ರಸ್ತೆ ನೋಡಿದ, ಬೀಗ ನೋಡಿದ, ಜಂಬಯ್ಯನ ಅಂಗಡಿಯ ಕಡೆ ನೋಡಿದ. ಅಲ್ಲಿ ಜಂಬಯ್ಯ ಸೌದೆ ಸೀಳುವುದನ್ನು ನಿಲ್ಲಿಸಿ ಕೊಡಲಿ ಹಿಡಿದು ನಿಂತಿದ್ದ.

ಜಾಲಿ ಗಿಡದ ಆಚೆ ಜನರೇಟರ್ ಶುರುವಾಯಿತು. ಒಳಗೆ ಮಿಷನ್ನುಗಳು ಒಂದೊಂದಾಗಿ ಓಡತೊಡಗಿದವು. ಕೆಂಪಕ್ಕ ತಿರುಗಿ ನೋಡಲಿಲ್ಲ. ಬೆನ್ನಲ್ಲೇ ಕೇಳಿಸಿಕೊಳ್ಳುತ್ತಿದ್ದಳು. ಕೊನೆಯ ಮಿಷನ್ನು ಆಗಾಗ ನಿಲ್ಲುತ್ತಿತ್ತು. ನಿಂತಾಗಲೆಲ್ಲ ಅವಳ ಕೈಯ ಕತ್ತರಿಯೂ ನಿಲ್ಲುತ್ತಿತ್ತು. ಅದು ಮತ್ತೆ ಓಡಿದ ಮೇಲೇ ಅವಳು ಮುಂದಿನ ದಾರ ಕತ್ತರಿಸಿದಳು.